ಮೆಡಿಕಲ್ ಪಾಸಾಯಿತು, ಆಮೇಲೆ?

ದುಬೈಗೆ ಬಂದಿಳಿದ ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ತುಂಬಿಕೊಂಡು ನಮ್ಮನ್ನೆಲ್ಲ ಮೆಡಿಕಲ್ ಸೆಂಟರಿಗೆ ಕರೆದುಕೊಂಡು ಹೋಗುತ್ತಾರೆ. ಪಿಆರ್‌ಒ ಕೈಯಲ್ಲಿ ಪಾಸ್‌ಪೋರ್ಟ್ ಕಾಪಿಗಳ ಕಟ್ಟು, ಮುಂದೆ ಉದ್ದನೆಯ ಸಾಲು. ತೋಳಿಗೆ ಒಂದು ಸೂಜಿ, ಎದೆಗೆ ಒಂದು ಎಕ್ಸ್‌ರೇ, ಅಷ್ಟೇ. ಕೆಲವು ದಿನ ಕಳೆದರೆ "ಫಿಟ್" ಎಂದು ರಿಪೋರ್ಟ್ ಬರುತ್ತದೆ. ಅಂದು ರಾತ್ರಿ ರೂಮಿನಲ್ಲಿ ಬಿರಿಯಾನಿ. ಊರಿಗೆ ಫೋನು: "ಮೆಡಿಕಲ್ ಪಾಸಾಯ್ತಮ್ಮ, ಏನೂ ತೊಂದರೆ ಇಲ್ಲ."

ಸಂಘದ ಕಡೆಯಿಂದ ಆಸ್ಪತ್ರೆ ಓಡಾಟ ನೋಡಿಕೊಳ್ಳುವ ನಾಲ್ಕೈದು ಮಂದಿ ನಾವು. ನಮ್ಮಲ್ಲಿ ಯಾರೂ ಡಾಕ್ಟರಲ್ಲ. ಒಬ್ಬರು ಅಕೌಂಟೆಂಟ್, ಇಬ್ಬರು ಡ್ರೈವರ್, ಒಬ್ಬರು ಎಸಿ ಟೆಕ್ನಿಷಿಯನ್, ಇನ್ನೊಬ್ಬರು ಗ್ರೋಸರಿ ಅಂಗಡಿಯವರು. ಇಷ್ಟು ವರ್ಷ ಓಡಾಡಿ ನಮಗೆ ತಿಳಿದದ್ದು ಏನೆಂದರೆ, ಅರ್ಧ ತಾಪತ್ರಯ ಹುಟ್ಟುವುದೇ ಆ ಬಿರಿಯಾನಿಯ ರಾತ್ರಿ. ವೀಸಾದ ಮೆಡಿಕಲ್ ನಮ್ಮ ಆರೋಗ್ಯದ ಪರೀಕ್ಷೆ ಅಲ್ಲ. ಅದರಲ್ಲಿ ಎಲ್ಲರಿಗೂ ನೋಡುವುದು ಮುಖ್ಯವಾಗಿ ಎರಡು: ರಕ್ತದಲ್ಲಿ ಎಚ್‌ಐವಿ, ಎದೆಯಲ್ಲಿ ಕ್ಷಯ. ಮನೆಗೆಲಸ, ಸಲೂನಿನಂಥ ಕೆಲವು ಕೆಲಸದವರಿಗೆ ಹೆಪಟೈಟಿಸ್ ಬಿ ಮುಂತಾದವೂ ಸೇರುತ್ತವೆ. ಸಕ್ಕರೆ ಎಷ್ಟಿದೆ, ಬಿಪಿ ಎಷ್ಟಿದೆ, ಕೊಲೆಸ್ಟ್ರಾಲ್ ಎಷ್ಟಿದೆ, ಕಿಡ್ನಿ ಹೇಗಿದೆ ಎಂದು ಅಲ್ಲಿ ಯಾರೂ ಹುಡುಕುವುದಿಲ್ಲ. ನಮ್ಮಿಂದ ಇನ್ನೊಬ್ಬರಿಗೆ ಹರಡುವ ರೋಗ ಇದೆಯೇ ಎಂಬುದಷ್ಟೇ ಸರ್ಕಾರಕ್ಕೆ ಬೇಕಾದ ಉತ್ತರ. ಸೌದಿ, ಕುವೈತ್ ಕಡೆಗೆ ಹೋಗುವವರಿಗೆ ಊರಿನಲ್ಲೇ ಆಗುವ ಮೆಡಿಕಲ್, ಅಂದರೆ ಹಿಂದೆ ಗಾಮ್ಕಾ ಎನ್ನುತ್ತಿದ್ದ ಈಗಿನ ವಫೀದ್, ಇದಕ್ಕಿಂತ ಸ್ವಲ್ಪ ವಿಸ್ತಾರವಾಗಿರುತ್ತದೆ. ಆದರೂ ಒಂದು ದಿನ ನೋಡಿ ಕೊಟ್ಟ ಚೀಟಿ ಅದು, ಒಪ್ಪಂದ ಮುಗಿಯುವವರೆಗಿನ ಗ್ಯಾರಂಟಿ ಅಲ್ಲ.

ಹಾವೇರಿ ಕಡೆಯ ಒಬ್ಬ ಗೆಳೆಯರ ವಿಷಯ ಹೇಳಬೇಕು. ಹೆಸರು ಬೇಡ ಎಂದಿದ್ದಾರೆ. ಕತೆ ಹಾಕಿ ಎಂದು ಅವರೇ ಹೇಳಿದ್ದಾರೆ. ಪ್ಲಂಬರ್, ವಯಸ್ಸು ನಲವತ್ತಮೂರು. ಊರಿನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬರುವಾಗ ಮೂರು ತಿಂಗಳಿಗಾಗುವಷ್ಟು ತಂದರು. ಅದು ಮುಗಿಯಿತು. ಇಲ್ಲಿ ಮೆಡಿಕಲ್ ಪಾಸಾಗಿತ್ತಲ್ಲ, ಬಿಪಿ ಹೋಯಿತೆಂದೇ ತಿಳಿದರು. ಎರಡು ವರ್ಷದ ಮೇಲೆ ವೀಸಾ ರಿನ್ಯೂವಲ್ ಆಯಿತು, ಮತ್ತೆ ಪಾಸ್. ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತರು. ಎದೆ ಹಿಡಿದಂತಾಗಿದೆ, ಮೈಯೆಲ್ಲ ಬೆವರು, ಎಡಗೈ ಜೋಮು. ರೂಮಿನವರು ಕೇಳಿದರೆ "ಏನಿಲ್ರೀ, ಗ್ಯಾಸ್ ಐತಿ, ಸೋಡಾ ಕುಡಿದ್ರ ಹೋಗ್ತೈತಿ" ಎಂದರು. ಸೋಡಾ ಕುಡಿದರು. ಈನೋ ಹಾಕಿಕೊಂಡರು. ಕ್ಯಾಂಪ್ ಬಾಸ್‌ಗೆ ಫೋನು ಮಾಡಿದರೆ ಬೆಳಿಗ್ಗೆ ಏಳಕ್ಕೆ ಕ್ಲಿನಿಕ್ ತೆರೆಯುತ್ತದೆ, ಅಲ್ಲಿವರೆಗೆ ಮಲಗಿಸಿ ಎಂಬ ಉತ್ತರ. ಮೇಲಿನ ಬಂಕ್‌ನಲ್ಲಿದ್ದ ಕುಂದಾಪುರದ ಹುಡುಗನೊಬ್ಬ, ಕ್ಯಾಂಪಿಗೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ, ಯಾರನ್ನೂ ಕೇಳದೆ 998ಕ್ಕೆ ಫೋನು ಹಚ್ಚಿದ. ಆಂಬ್ಯುಲೆನ್ಸ್ ಬಂತು. ಬೆಳಗಾಗುವುದರೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದ್ದರು.

ಈಗ ಅವರು ಚೆನ್ನಾಗಿದ್ದಾರೆ. ಭಾರ ಎತ್ತುವ ಕೆಲಸ ಬಿಟ್ಟು ಸ್ಟೋರಿನಲ್ಲಿದ್ದಾರೆ. ಆದರೆ ಆ ರಾತ್ರಿಯ ಲೆಕ್ಕ ಮಾಡಿದರೆ ನಮಗೆ ಇಂದಿಗೂ ಒಂದು ವಿಷಯ ಕುಟುಕುತ್ತದೆ. ಅವರ ಕಿಸೆಯಲ್ಲಿ ಇನ್ಶೂರೆನ್ಸ್ ಇತ್ತು. ಕ್ಯಾಂಪಿನಿಂದ ಹದಿನೈದು ನಿಮಿಷದ ದೂರದಲ್ಲಿ ಅದೇ ಇನ್ಶೂರೆನ್ಸ್ ನಡೆಯುವ ಕ್ಲಿನಿಕ್ ಇತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಅವರು ಅದರ ಬಾಗಿಲು ನೋಡಿರಲಿಲ್ಲ. ಕಾರಣ ಕೇಳಿದರೆ ಮೂರು ಹೇಳಿದರು: ಅಲ್ಲಿ ಏನು ಕೇಳುತ್ತಾರೋ ಗೊತ್ತಿಲ್ಲ, ದುಡ್ಡು ಎಷ್ಟಾಗುತ್ತದೋ ಗೊತ್ತಿಲ್ಲ, ಬಿಪಿ ಇದೆ ಎಂದರೆ ವೀಸಾ ಕ್ಯಾನ್ಸಲ್ ಮಾಡುತ್ತಾರೇನೋ ಎಂಬ ಹೆದರಿಕೆ. ಈ ಮೂರಕ್ಕೂ ಉತ್ತರ ಬರೆಯೋಣವೆಂದೇ ಈ ವರ್ಷದ ಸಂಚಿಕೆಯಲ್ಲಿ ಜಾಗ ಕೇಳಿ ತೆಗೆದುಕೊಂಡಿದ್ದೇವೆ.

ಕೌಂಟರಿನಲ್ಲಿ ಏನಾಗುತ್ತದೆ

ಇಂಗ್ಲೆಂಡಿನಂಥ ದೇಶಗಳಲ್ಲಿ ಮನೆ ಹತ್ತಿರದ ಡಾಕ್ಟರ ಬಳಿ ಹೆಸರು ನೋಂದಾಯಿಸಿ, ಅಲ್ಲಿಗೇ ಹೋಗುತ್ತಿರಬೇಕು. ಕತಾರಿನಲ್ಲೂ ಹಾಗೆಯೇ, ಹೆಲ್ತ್ ಕಾರ್ಡ್ ಮಾಡಿಸಿದರೆ ವಿಳಾಸದ ಪ್ರಕಾರ ಒಂದು ಹೆಲ್ತ್ ಸೆಂಟರ್ ಗೊತ್ತಾಗುತ್ತದೆ. ಒಂಟಿಯಾಗಿರುವ ಕಾರ್ಮಿಕರಿಗೆ ರೆಡ್ ಕ್ರೆಸೆಂಟ್ ನಡೆಸುವ ಬೇರೆ ಸೆಂಟರ್‌ಗಳಿವೆ. ಕುವೈತಿನಲ್ಲಿ ಸಿವಿಲ್ ಐಡಿಯಲ್ಲಿರುವ ವಿಳಾಸ ಯಾವ ಏರಿಯಾದ್ದೋ ಆ ಏರಿಯಾದ ಸರ್ಕಾರಿ ಕ್ಲಿನಿಕ್ಕೇ ನಿಮ್ಮದು. ರೂಮು ಬದಲಾಯಿಸಿ ಐಡಿಯಲ್ಲಿ ವಿಳಾಸ ಬದಲಾಯಿಸದೆ ಇದ್ದವರು ಜ್ವರದಲ್ಲಿ ಎರಡು ಕ್ಲಿನಿಕ್ ನಡುವೆ ಅಲೆಯುವುದನ್ನು ಅಲ್ಲಿಯ ಗೆಳೆಯರು ಹೇಳುತ್ತಿರುತ್ತಾರೆ.

ಯುಎಇಯಲ್ಲಿ ಈ ಕಟ್ಟುಪಾಡು ಇಲ್ಲ. ಇಲ್ಲಿ "ನಿಮ್ಮ ಡಾಕ್ಟರ್ ಇವರು" ಎಂದು ಯಾರೂ ಗೊತ್ತು ಮಾಡಿ ಕೊಡುವುದಿಲ್ಲ. ನಿಮ್ಮ ಇನ್ಶೂರೆನ್ಸಿನ ನೆಟ್‌ವರ್ಕಿನಲ್ಲಿರುವ ಯಾವ ಕ್ಲಿನಿಕ್‌ಗಾದರೂ ಹೋಗಬಹುದು, ಹೋದ ಕಡೆ ಒಂದು ಫೈಲ್ ತೆರೆಯುತ್ತಾರೆ, ಅಷ್ಟೇ. ಸ್ವಾತಂತ್ರ್ಯ ಇದೆ ಎನ್ನಿ. ಆದರೆ ಸ್ವಾತಂತ್ರ್ಯದಿಂದಲೇ ನಮ್ಮವರು ಕೆಡುತ್ತಾರೆ. ಜ್ವರಕ್ಕೆ ಒಂದು ಕ್ಲಿನಿಕ್, ಸೊಂಟನೋವಿಗೆ ಇನ್ನೊಂದು, ಮತ್ತೊಂದಕ್ಕೆ ಗೆಳೆಯ ಹೇಳಿದ ಮೂರನೆಯದು. ನಾಲ್ಕು ಕಡೆ ನಾಲ್ಕು ಫೈಲ್, ಯಾರ ಬಳಿಯೂ ಪೂರ್ತಿ ಕತೆ ಇಲ್ಲ. ದುಬೈಯಲ್ಲಿ ನಾಬಿದ್, ಅಬುಧಾಬಿಯಲ್ಲಿ ಮಲಾಫಿ ಎಂಬ ವ್ಯವಸ್ಥೆಗಳಲ್ಲಿ ಆಸ್ಪತ್ರೆಗಳ ದಾಖಲೆಗಳನ್ನು ಒಂದೆಡೆ ಸೇರಿಸುವ ಕೆಲಸ ನಡೆದಿದೆ. ಹಾಗಿದ್ದರೂ ನಮ್ಮ ಸಲಹೆ ಹಳೆಯದೇ: ರೂಮಿಗೆ ಅಥವಾ ಕ್ಯಾಂಪಿಗೆ ಹತ್ತಿರದ, ನೆಟ್‌ವರ್ಕಿನ ಒಂದು ಕ್ಲಿನಿಕ್ ಆರಿಸಿಕೊಳ್ಳಿ, ಆರೋಗ್ಯ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ಫೈಲ್ ಮಾಡಿಸಿ, ಆಮೇಲೆ ಅಲ್ಲಿಗೇ ಹೋಗಿ.

ಕೌಂಟರಿನಲ್ಲಿ ಮೊದಲು ಕೇಳುವುದು ಎಮಿರೇಟ್ಸ್ ಐಡಿ. ಈಗ ಬಹುತೇಕ ಇನ್ಶೂರೆನ್ಸ್ ಅದಕ್ಕೇ ಜೋಡಣೆಯಾಗಿರುತ್ತದೆ, ಬೇರೆ ಪ್ಲಾಸ್ಟಿಕ್ ಕಾರ್ಡ್ ಇರುವುದಿಲ್ಲ. "ನನಗೆ ಇನ್ಶೂರೆನ್ಸೇ ಕೊಟ್ಟಿಲ್ಲ" ಎಂದು ದೂರುತ್ತಾ ಬಂದವರಲ್ಲಿ ಎಷ್ಟೋ ಜನರ ಐಡಿ ನೋಡಿಸಿದರೆ ಪಾಲಿಸಿ ಚಾಲ್ತಿಯಲ್ಲೇ ಇರುತ್ತದೆ. ಆಮೇಲೆ ಮೊಬೈಲ್ ನಂಬರ್ ಕೇಳುತ್ತಾರೆ. ಇಲ್ಲಿ ದಯವಿಟ್ಟು ನಿಮ್ಮದೇ ನಂಬರ್ ಕೊಡಿ. ರೂಮ್‌ಮೇಟ್ ನಂಬರ್ ಕೊಟ್ಟು, ಅವನು ಊರಿಗೆ ಹೋದ ಮೇಲೆ ರಿಪೋರ್ಟ್ ಮೆಸೇಜ್ ಅವನ ಆಫ್ ಆದ ಸಿಮ್ಮಿಗೆ ಹೋಗಿ ಕೂತ ಉದಾಹರಣೆ ನಮ್ಮಲ್ಲಿದೆ. ಹೆಸರು ಐಡಿಯಲ್ಲಿ ಇದ್ದಂತೆಯೇ ಇರಲಿ. ನಮ್ಮ ಉತ್ತರ ಕರ್ನಾಟಕದವರ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಅಡ್ಡಹೆಸರು, ಊರಿನ ಹೆಸರು ಎಲ್ಲ ಹಿಂದುಮುಂದಾಗಿ ಬಂದಿರುತ್ತದೆ. ಒಂದೇ ಕ್ಲಿನಿಕ್ಕಿನಲ್ಲಿ ಮೂವರು ಬಸವರಾಜರು ಇರುತ್ತಾರೆ. ಲ್ಯಾಬಿನವರು ರಕ್ತ ತೆಗೆಯುವ ಮೊದಲು ಹುಟ್ಟಿದ ತಾರೀಕು ಕೇಳಿದರೆ ಬೇಸರಿಸಬೇಡಿ, ಅವರು ಕೇಳದಿದ್ದರೆ ನೀವೇ ಹೇಳಿ. ಫೈಲ್ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ನಂತರ ಒಂದು ಫಾರಂ ಬರುತ್ತದೆ, ಹೆಚ್ಚಾಗಿ ಅರಬಿ ಮತ್ತು ಇಂಗ್ಲಿಷಿನಲ್ಲಿ. ಹಳೆಯ ಕಾಯಿಲೆ ಏನು, ಆಪರೇಷನ್ ಆಗಿದೆಯಾ, ಯಾವ ಔಷಧಿ ಆಗಿಬರುವುದಿಲ್ಲ, ಬೀಡಿ ಸಿಗರೇಟು ಉಂಟಾ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ. ಎಲ್ಲದಕ್ಕೂ "ನೋ" ಎಂದು ಟಿಕ್ ಹಾಕಿ ಸಹಿ ಮಾಡುವುದು ನಮ್ಮ ರಾಷ್ಟ್ರೀಯ ಅಭ್ಯಾಸ. ಓದಲು ಬಾರದಿದ್ದರೆ ನರ್ಸ್ ಹತ್ತಿರ ಕೇಳಿ. ಹೆಚ್ಚಿನ ಕಡೆ ಕೇರಳದ ಸಿಸ್ಟರ್ ಒಬ್ಬರಾದರೂ ಇರುತ್ತಾರೆ, ಹಿಂದಿ ನಡೆಯುತ್ತದೆ, ಮಂಗಳೂರು ಕಡೆಯ ನರ್ಸ್ ಸಿಕ್ಕಿದರೆ ಅದೃಷ್ಟ. ಈ ದೇಶದ ಆಸ್ಪತ್ರೆಗಳಲ್ಲಿ ನಮ್ಮ ಕರಾವಳಿಯವರ ಕೈ ಹಳೆಯದು. ಅಬುಧಾಬಿಯಲ್ಲಿ 1975ರಲ್ಲಿ ಕಾಪುವಿನ ಬಿ.ಆರ್. ಶೆಟ್ಟಿಯವರು ಎನ್‌ಎಂಸಿ ಕ್ಲಿನಿಕ್ ಆರಂಭಿಸಿದಾಗ ರೋಗಿಗಳನ್ನು ನೋಡುತ್ತಿದ್ದ ವೈದ್ಯೆ ಅವರ ಪತ್ನಿ ಡಾ. ಚಂದ್ರಕುಮಾರಿ ಶೆಟ್ಟಿಯವರು. ಅಜ್ಮಾನಿನಲ್ಲಿ 1998ರಲ್ಲಿ ಮೆಡಿಕಲ್ ಕಾಲೇಜು ಕಟ್ಟಿದವರು ಮಂಗಳೂರಿನ ತುಂಬೆ ಮೊಯ್ದೀನ್. ಅಂದರೆ ಕೌಂಟರಿನ ಆಚೆ ಬದಿಯಲ್ಲಿ ತುಳುವೋ ಬ್ಯಾರಿಯೋ ಕನ್ನಡವೋ ಕೇಳಿಬಂದರೆ ಆಶ್ಚರ್ಯವೇನಿಲ್ಲ. ಒಮ್ಮೆ ಕನ್ನಡದಲ್ಲೇ ಕೇಳಿ ನೋಡಿ.

ಫಾರಂ ಆದ ಮೇಲೆ ಬಿಪಿ, ತೂಕ, ಜ್ವರ ನೋಡುತ್ತಾರೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಸೈಟಿನಿಂದ ಓಡಿಬಂದು ಕೈ ಚಾಚಿದರೆ ಹೆಚ್ಚೇ ತೋರಿಸುತ್ತದೆ.

ಡಾಕ್ಟರ ಮುಂದೆ ಕೂತಾಗ

ನಮಗೆ ಕಷ್ಟ ಬರುವುದು ಇಲ್ಲಿಯೇ. ಊರಿನ ಡಾಕ್ಟರ ಹತ್ತಿರ "ಯಾಕೋ ಸುಸ್ತು, ಮೈ ಸರಿ ಇಲ್ಲ" ಎಂದರೆ ಸಾಕಿತ್ತು. ಅವರಿಗೆ ನಮ್ಮ ಅಪ್ಪನ ಕಾಯಿಲೆಯೂ ಗೊತ್ತು, ನಾವು ಬೇಸಾಯಕ್ಕೆ ಮಾಡಿದ ಸಾಲವೂ ಗೊತ್ತು. ಇಲ್ಲಿ ಕೂತಿರುವವರು ಈಜಿಪ್ಟಿನವರೋ, ಪಾಕಿಸ್ತಾನದವರೋ, ಹೈದರಾಬಾದಿನವರೋ ಆಗಿರಬಹುದು. ಸಮಯ ಹತ್ತು ನಿಮಿಷ. "ಉಷ್ಣ ಆಗಿದೆ ಡಾಕ್ಟ್ರೇ" ಎನ್ನುವುದನ್ನು ಯಾವ ಭಾಷೆಗೆ ಹೇಗೆ ಹೇಳುವುದು? ನಮ್ಮಲ್ಲೊಬ್ಬರು ಒಮ್ಮೆ "ಬಾಡಿ ಹೀಟ್" ಎಂದರು, ಡಾಕ್ಟರು ಥರ್ಮಾಮೀಟರ್ ಇಟ್ಟು ಜ್ವರ ಇಲ್ಲ ಎಂದು ಕಳಿಸಿದರು. ಅವರಿಗೆ ಇದ್ದದ್ದು ಉರಿಮೂತ್ರ. ಆಮೇಲೆ ಕಿಡ್ನಿಯಲ್ಲಿ ಕಲ್ಲು ಎಂದು ಗೊತ್ತಾಯಿತು. ಬೇಸಿಗೆಯಲ್ಲಿ ಹೊರಗೆ ದುಡಿಯುವವರಿಗೆ ಬೆವರು ಹರಿದು ನೀರು ಸಾಲದೆ ಕಲ್ಲು ಕಟ್ಟುವುದು ಇಲ್ಲಿ ಸಾಮಾನ್ಯ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನಿದೆ, ಆದರೆ ಹನ್ನೊಂದು ಗಂಟೆಯ ಬಿಸಿಲೂ ಬಿಸಿಲೇ ತಾನೇ.

ಆದ್ದರಿಂದ ಹೋಗುವ ಮೊದಲೇ ನಾಲ್ಕು ಮಾತು ಬರೆದುಕೊಳ್ಳಿ: ಎಲ್ಲಿ ನೋವು, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚಾಗುತ್ತದೆ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಕನ್ನಡದಲ್ಲೇ ಬರೆದುಕೊಂಡರೂ ಸರಿ, ಸಂಘದ ಯಾರಿಗಾದರೂ ವಾಟ್ಸಾಪ್ ಮಾಡಿದರೆ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತೇವೆ. ಬೆರಳಿಟ್ಟು ತೋರಿಸಲು ನಾಚಿಕೆ ಬೇಡ. ಹೊಟ್ಟೆ ಉರಿ ಬೇರೆ, ಎದೆ ಉರಿ ಬೇರೆ, ಎದೆ ಬಿಗಿತ ಬೇರೆ. "ಗ್ಯಾಸ್" ಎಂಬ ಪದವನ್ನು ಮಾತ್ರ ಬಾಯಿಗೇ ತರಬೇಡಿ. ಏನಾಗಿದೆ ಎಂದು ಹೇಳಿ, ಗ್ಯಾಸೋ ಅಲ್ಲವೋ ಅವರು ತೀರ್ಮಾನಿಸಲಿ. ನಡೆದರೆ ಏದುಸಿರು ಬರುವುದು, ಎದೆ ಹಿಡಿದು ಬೆವರುವುದು, ಕೈಗೆ ಅಥವಾ ದವಡೆಗೆ ನೋವು ಇಳಿಯುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಬದಿ ಕೈಕಾಲು ಬಲ ಕಳೆದುಕೊಳ್ಳುವುದು ಇವಕ್ಕೆ ಕ್ಲಿನಿಕ್ಕೂ ಬೇಡ, ಕ್ಯಾಂಪ್ ಬಾಸೂ ಬೇಡ. ನೇರ 998.

ಊರಿನ ಮಾತ್ರೆಯ ಹೆಸರು ಹೇಳಿದರೆ ಇಲ್ಲಿ ಅರ್ಥವಾಗುವುದಿಲ್ಲ. ಅಲ್ಲಿ ನಮಗೆ ಡೋಲೋ ಗೊತ್ತು, ಬೆಂಗಳೂರಿನ ಕಂಪನಿಯದ್ದೇ. ಇಲ್ಲಿ ಅದೇ ಪ್ಯಾರಾಸಿಟಮಾಲ್ ಪನಡಾಲ್ ಎಂದೂ, ರಾಸ್ ಅಲ್ ಖೈಮಾದಲ್ಲಿ ತಯಾರಾಗುವ ಅಡೋಲ್ ಎಂದೂ ಸಿಗುತ್ತದೆ. ಇದು ತಿಳಿಯದೆ ಊರಿನಿಂದ ತಂದ ಡೋಲೋ, ಅಂಗಡಿಯ ಪನಡಾಲ್, ಡಾಕ್ಟರು ಕೊಟ್ಟ ಅಡೋಲ್ ಮೂರನ್ನೂ ಒಟ್ಟಿಗೆ ನುಂಗಿದವರಿದ್ದಾರೆ. ಮೂರೂ ಒಂದೇ, ಲಿವರ್‌ಗೆ ಪೆಟ್ಟು. ಮಾತ್ರೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಹೆಸರು ಮುಖ್ಯ: ಟೆಲ್ಮಿಸಾರ್ಟನ್, ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಇತ್ಯಾದಿ. ಖಾಲಿ ಪಟ್ಟಿಯನ್ನು ಬಿಸಾಡದೆ ಜೊತೆಗೆ ಒಯ್ಯಿರಿ. ಸಕ್ಕರೆಯ ಲೆಕ್ಕದಲ್ಲೂ ಒಂದು ಎಡವಟ್ಟಿದೆ. ಕತಾರಿನಲ್ಲಿರುವ ನಮ್ಮ ಗೆಳೆಯರೊಬ್ಬರ ರಿಪೋರ್ಟಿನಲ್ಲಿ ಸಕ್ಕರೆ 11 ಎಂದು ಬಂತು. ಊರಿನಲ್ಲಿ 180, 200 ನೋಡಿ ಅಭ್ಯಾಸವಿದ್ದ ಅವರಿಗೆ ಸಕ್ಕರೆ ಪೂರ್ತಿ ಇಳಿಯಿತೆಂದು ಖುಷಿ, ಮಾತ್ರೆ ಬಿಟ್ಟರು. ಅಲ್ಲಿ ಅಳೆಯುವುದು ಮಿಲಿಮೋಲ್ ಲೆಕ್ಕದಲ್ಲಿ, 18ರಿಂದ ಗುಣಿಸಿದರೆ ನಮ್ಮ ಊರಿನ ಲೆಕ್ಕ ಸಿಗುತ್ತದೆ. 11 ಎಂದರೆ ಸುಮಾರು 198!

ಇನ್ನು ಆ ಹೆದರಿಕೆಯ ವಿಷಯ. ಬಿಪಿ, ಸಕ್ಕರೆ, ಥೈರಾಯ್ಡ್ ಇದೆ ಎಂದು ಕ್ಲಿನಿಕ್ಕಿನಲ್ಲಿ ಹೇಳಿದರೆ ವೀಸಾ ಹೋಗುವುದಿಲ್ಲ. ಇವು ಈ ದೇಶದ ವೀಸಾ ಪರೀಕ್ಷೆಯ ಪಟ್ಟಿಯಲ್ಲೇ ಇಲ್ಲ. ರೋಗಿಯ ವಿಷಯವನ್ನು ಡಾಕ್ಟರು ಹೊರಗೆ ಬಿಡುವಂತಿಲ್ಲ ಎಂದು 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನು ಹೇಳುತ್ತದೆ. ಫೋರ್‌ಮನ್ ಕ್ಲಿನಿಕ್ಕಿಗೆ ಫೋನು ಮಾಡಿ "ಇವನಿಗೆ ಏನು ಕಾಯಿಲೆ" ಎಂದು ಕೇಳಿದರೆ ಹೇಳಬೇಕಾಗಿಲ್ಲ. ಕ್ಷಯದ ಮಾತು ಬೇರೆ, ಅದು ವೀಸಾಕ್ಕೆ ಸಂಬಂಧಪಟ್ಟದ್ದು. ಹಿಂದೆ ಎಂದೋ ಕ್ಷಯ ಬಂದು ವಾಸಿಯಾಗಿದ್ದರೂ ಎಕ್ಸ್‌ರೇಯಲ್ಲಿ ಕಲೆ ಉಳಿದಿರಬಹುದು, ಆಗ ಕಫ ಪರೀಕ್ಷೆಗೆ ಕರೆಯುತ್ತಾರೆ. ಅಂಥವರು ಊರಿನ ಹಳೆಯ ಎಕ್ಸ್‌ರೇ, ಚಿಕಿತ್ಸೆ ಮುಗಿಸಿದ ಚೀಟಿ ಎಲ್ಲವನ್ನೂ ಜೊತೆಯಲ್ಲೇ ಇಟ್ಟುಕೊಂಡು ಬರಬೇಕು. ಮುಚ್ಚಿಟ್ಟರೆ ಎಕ್ಸ್‌ರೇ ಮುಚ್ಚಿಡುವುದಿಲ್ಲ.

ದುಡ್ಡಿನ ಲೆಕ್ಕ

ಇನ್ಶೂರೆನ್ಸ್ ಇದೆ ಎಂದರೆ ಪೂರ್ತಿ ಫ್ರೀ ಎಂದು ತಿಳಿದು ಹೋಗಿ, ಕೌಂಟರಿನಲ್ಲಿ ದುಡ್ಡು ಕೇಳಿದಾಗ ಜಗಳವಾಡಿ ಬಂದವರು ಎಷ್ಟೋ ಮಂದಿ. ದುಬೈಯ 2013ರ 11ನೇ ಕಾನೂನಿನ ಪ್ರಕಾರ ಕೆಲಸಗಾರನ ಇನ್ಶೂರೆನ್ಸ್ ಮಾಡಿಸುವುದು ಕಂಪನಿಯ ಹೊಣೆ, ಅದರ ಖರ್ಚೂ ಕಂಪನಿಯದ್ದೇ. ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ತಿಂಗಳಿಗೆ 4,000 ದಿರ್ಹಮ್ ಅಥವಾ ಕಡಿಮೆ ಸಂಬಳ ಇರುವವರಿಗೆ ಹೆಚ್ಚಾಗಿ ಸಿಗುವುದು ಮೂಲ ಪ್ಲಾನ್. ಅದರಲ್ಲಿ ವರ್ಷಕ್ಕೆ 1,50,000 ದಿರ್ಹಮ್‌ವರೆಗೆ ಚಿಕಿತ್ಸೆ ಇದೆ. ಡಾಕ್ಟರ್ ನೋಡಿದ ಬಿಲ್ಲಿನಲ್ಲಿ ನೂರಕ್ಕೆ 20 ನಾವು ಕೊಡಬೇಕು, ಔಷಧಿಗೆ ನೂರಕ್ಕೆ 30. ಆಸ್ಪತ್ರೆಗೆ ಅಡ್ಮಿಟ್ ಆದರೂ ನೂರಕ್ಕೆ 20, ಆದರೆ ಒಂದು ಸಲಕ್ಕೆ 500 ದಿರ್ಹಮ್ ಮೀರುವಂತಿಲ್ಲ. ನಮ್ಮ ಹಾವೇರಿ ಗೆಳೆಯರ ಸ್ಟೆಂಟ್ ಬಿಲ್ಲು ಲಕ್ಷಗಟ್ಟಲೆ ರೂಪಾಯಿ ಆಗಿತ್ತು, ಅವರು ಕೈಯಿಂದ ಕೊಟ್ಟದ್ದು ಆ 500. ಅದನ್ನು ನೋಡಿದ ಮೇಲೆ ಅವರ ರೂಮಿನ ಏಳು ಜನವೂ ಒಂದೇ ವಾರದಲ್ಲಿ ಹೋಗಿ ಫೈಲ್ ಮಾಡಿಸಿದರು.

ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾದವರಿಗೆ ಬಹಳ ಕಾಲ ಈ ಭಾಗ್ಯ ಇರಲಿಲ್ಲ. 2025ರ ಜನವರಿ 1ರಿಂದ ಅಲ್ಲಿಯೂ ಖಾಸಗಿ ಕಂಪನಿಯವರಿಗೆ ಮತ್ತು ಮನೆಗೆಲಸದವರಿಗೆ ವೀಸಾ ಮಾಡಿಸುವಾಗ, ರಿನ್ಯೂವಲ್ ಮಾಡುವಾಗ ಇನ್ಶೂರೆನ್ಸ್ ಕಡ್ಡಾಯವಾಗಿದೆ. ಮೂಲ ಪ್ಯಾಕೇಜ್ ವರ್ಷಕ್ಕೆ 320 ದಿರ್ಹಮ್‌ನಿಂದ ಶುರು. ಡಾಕ್ಟರ್ ಭೇಟಿಗೆ ನೂರಕ್ಕೆ 25, ಆದರೆ ಒಂದು ಭೇಟಿಗೆ 100 ದಿರ್ಹಮ್ ಮೀರದಂತೆ. ಔಷಧಿಗೆ ನೂರಕ್ಕೆ 30, ವರ್ಷಕ್ಕೆ 1,500 ದಿರ್ಹಮ್ ಮಿತಿ. ಅದೇ ಕಾಯಿಲೆಗೆ ಏಳು ದಿನದೊಳಗೆ ಮತ್ತೆ ಹೋದರೆ ನಮ್ಮ ಪಾಲು ಇಲ್ಲ. ಈ ಏಳು ದಿನದ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಎಂಟನೆಯ ದಿನ ಹೋಗಿ ಮತ್ತೆ ದುಡ್ಡು ಕಟ್ಟಿ ಬರುತ್ತಾರೆ.

ಮೂಲ ಪ್ಲಾನಿನಲ್ಲಿ ನೇರ ಸ್ಪೆಷಲಿಸ್ಟ್ ಹತ್ತಿರ ಹೋಗುವ ಹಾಗಿಲ್ಲ. ಮೊದಲು ಸಾಮಾನ್ಯ ಡಾಕ್ಟರು ನೋಡಿ ರೆಫರಲ್ ಕೊಡಬೇಕು. ದೊಡ್ಡ ಸ್ಕ್ಯಾನಿಗೆ ಇನ್ಶೂರೆನ್ಸಿನ ಅಪ್ರೂವಲ್ ಬರುವವರೆಗೆ ಕಾಯಬೇಕು. ಹಲ್ಲು, ಕನ್ನಡಕ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ, ಅದಕ್ಕೆ ನಮ್ಮವರು ರಜೆಗೆ ಹೋದಾಗ ಊರಿನಲ್ಲೇ ಹಲ್ಲು ಕೀಳಿಸಿಕೊಂಡು ಬರುವುದು. ದುಬೈಯ ಮೂಲ ಪ್ಲಾನಿಗೆ ಮೊದಲ ಸಲ ಸೇರಿದವರಿಗೆ ಹಳೆಯ ಕಾಯಿಲೆಗಳ ಮಾಮೂಲು ಚಿಕಿತ್ಸೆ ಆರು ತಿಂಗಳ ನಂತರವೇ ಸಿಗುವುದು ಎಂಬ ಷರತ್ತು ಇದೆ. ಹಾಗಾಗಿ ಹೊಸಬರು ಅಷ್ಟು ದಿನಕ್ಕೆ ಬೇಕಾದ ಮಾತ್ರೆಯ ಏರ್ಪಾಡು ಯೋಚಿಸಿಯೇ ಹೊರಡಬೇಕು. ಈ ಆರು ತಿಂಗಳಲ್ಲೇ ನಮ್ಮವರು ಮಾತ್ರೆ ಬಿಡುವುದು, ಆಮೇಲೆ ಮರೆತೇ ಹೋಗುವುದು. ಇಸಿಆರ್ ಪಾಸ್‌ಪೋರ್ಟಿನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯೂ ಇರುತ್ತದೆ. ಆ ಕಾಗದ ಏಜೆಂಟನ ಹತ್ತಿರವೇ ಉಳಿದಿದ್ದರೆ ಕೇಳಿ ತೆಗೆದುಕೊಳ್ಳಿ, ಒಂದು ಕಾಪಿ ಮನೆಯವರ ಬಳಿಯೂ ಇರಲಿ.

ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ಹೋಗುವುದನ್ನು ಮಾತ್ರ ಯಾರೂ ಮಾಡಬೇಡಿ. ಫೋಟೊ ಇಲ್ಲದ ಕಾರ್ಡಿನ ಕಾಲದಲ್ಲಿ ಇದು ನಡೆಯುತ್ತಿತ್ತು ಎಂದು ನಾವು ಮುಚ್ಚಿಡುವುದಿಲ್ಲ. ಪಾಪ, ಇನ್ಶೂರೆನ್ಸ್ ಇಲ್ಲದ ರೂಮ್‌ಮೇಟ್ ಜ್ವರದಲ್ಲಿ ನರಳುತ್ತಿದ್ದರೆ ಯಾರ ಮನಸ್ಸು ಕೇಳುತ್ತದೆ? ಆದರೆ ಅದು ಕಾನೂನಿನಲ್ಲಿ ಮೋಸ. ಅದಕ್ಕಿಂತ ದೊಡ್ಡದು, ಅವನ ಸಕ್ಕರೆ ಕಾಯಿಲೆ ಇವನ ಫೈಲಿನಲ್ಲಿ ಕೂರುತ್ತದೆ. ನಮ್ಮ ಪರಿಚಯದ ಒಬ್ಬರು ವರ್ಷಗಳ ನಂತರ ಆಪರೇಷನ್ನಿಗೆ ಹೋದಾಗ "ನಿಮಗೆ ಪೆನಿಸಿಲಿನ್ ಅಲರ್ಜಿ ಇದೆಯಲ್ಲ" ಎಂದರಂತೆ. ಅಲರ್ಜಿ ಇದ್ದದ್ದು ಅವರ ಕಾರ್ಡಿನಲ್ಲಿ ಹೋಗಿದ್ದ ಗೆಳೆಯನಿಗೆ! ಇದೇ ಉಲ್ಟಾ ಆಗಿದ್ದರೆ?

ರಜೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಡ್ಯೂಟಿ ತಪ್ಪಿದರೆ ಸಂಬಳ ಕಟ್ ಎಂಬ ಭಯಕ್ಕೇ ಅರ್ಧ ಜನ ಡಾಕ್ಟರ ಹತ್ತಿರ ಹೋಗುವುದಿಲ್ಲ. 2021ರ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಿ ಮೆಡಿಕಲ್ ರಿಪೋರ್ಟ್ ಕೊಡಬೇಕು. "ರೂಮಿನಲ್ಲಿ ಮಲಗಿದ್ದೆ" ಎಂದರೆ ನಡೆಯುವುದಿಲ್ಲ. ಡಾಕ್ಟರ ಚೀಟಿ ಬೇಕೇ ಬೇಕು. ಅಂದರೆ ಕ್ಲಿನಿಕ್ಕಿಗೆ ಹೋಗುವುದರಿಂದ ಸಂಬಳ ಹೋಗುವುದಿಲ್ಲ, ಉಳಿಯುತ್ತದೆ.

ಊರಿನಿಂದ ತರುವ ಪೊಟ್ಟಣ

ಕೊನೆಗೆ ಒಂದು ಎಚ್ಚರಿಕೆ, ಇದನ್ನು ರಜೆಗೆ ಹೋಗುವವರು ಮನೆಯಲ್ಲೂ ಹೇಳಬೇಕು. ಇಲ್ಲಿ ಡಾಕ್ಟರ ಹತ್ತಿರ ಹೋಗುವ ಬದಲು ಊರಿನಿಂದ ಬರುವವರ ಕೈಯಲ್ಲಿ ಮಾತ್ರೆ ತರಿಸುವುದು ನಮ್ಮ ಹಳೆಯ ರೂಢಿ. ಬಿಪಿ, ಸಕ್ಕರೆ ಮಾತ್ರೆಯನ್ನು ಸ್ವಂತಕ್ಕೆ, ಚೀಟಿಯೊಂದಿಗೆ, ಅದರ ಡಬ್ಬಿಯಲ್ಲೇ ತಂದರೆ ತೊಂದರೆ ಆಗುವುದು ಕಡಿಮೆ. ಆದರೆ ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಕೆಲವು ಔಷಧಿಗಳು ಇಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ: ಕೋಡಿನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆ ಮತ್ತು ಗಾಬರಿಯ ಮಾತ್ರೆಗಳು. ಇಂಥವನ್ನು ತರಬೇಕಾದರೆ ಇಲ್ಲಿಯ ಸರ್ಕಾರದಿಂದ ಮೊದಲೇ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಸಿಕ್ಕಿಬಿದ್ದರೆ ಅದು ಮಾದಕ ವಸ್ತುವಿನ ಕೇಸು. ಏರ್‌ಪೋರ್ಟಿನಲ್ಲಿ "ನಮ್ಮ ಮಗನಿಗೆ ಒಂದು ಸಣ್ಣ ಪೊಟ್ಟಣ ಕೊಡ್ತೀರಾ" ಎಂದು ಯಾರು ಕೇಳಿದರೂ, ಎಷ್ಟೇ ಹತ್ತಿರದವರಾದರೂ, ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಅಂದಹಾಗೆ ಗಸಗಸೆಯೂ ಇಲ್ಲಿ ನಿಷೇಧ. ಹಬ್ಬದ ಪಾಯಸಕ್ಕೆಂದು ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಗಸಗಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ, ಪಾಯಸ ರಜೆಯಲ್ಲಿ ಕುಡಿಯೋಣ.

ಇನ್ಶೂರೆನ್ಸೇ ಮಾಡಿಸದೆ ಸತಾಯಿಸುವ ಕಂಪನಿಗಳೂ ಇವೆ. ದುಬೈಯವರು ಹೆಲ್ತ್ ಅಥಾರಿಟಿಯ 800342ಕ್ಕೆ ಫೋನು ಮಾಡಿ ವಿಚಾರಿಸಬಹುದು. ಬೇರೆ ಯಾವುದೇ ಸಂಕಟಕ್ಕೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 80046342 ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ, ಫೋನಿಗೆ ದುಡ್ಡಿಲ್ಲ. ಹಿಂದಿಯಲ್ಲಿ ಮಾತಾಡಬಹುದು. ಅಲ್ಲಿ ಫೋನು ಮಾಡಲು ಅಂಜಿಕೆಯಾದರೆ ಮೊದಲು ನಮಗೆ ಮಾಡಿ, ಜೊತೆಗೆ ಕೂತು ಮಾಡಿಸುತ್ತೇವೆ.

ಕಳೆದ ತಿಂಗಳು ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹೊಸದಾಗಿ ಬಂದ ಹುಡುಗರು ನಾಲ್ವರು ಒಂದು ಬದಿಗೆ ನಿಂತಿದ್ದರು. ಹಾವೇರಿ ಗೆಳೆಯರು ಅವರ ಹತ್ತಿರ ಹೋಗಿ, "ಮೆಡಿಕಲ್ ಆತೇನ್ರಪ್ಪಾ?" ಎಂದು ಕೇಳಿದರು. ಆಯ್ತು ಅಣ್ಣ, ಪಾಸ್ ಎಂದರು ಹುಡುಗರು. "ಅದು ಸರ್ಕಾರದ್ದಾತು. ನಿಮ್ಮದು ಯಾವಾಗ?" ಎಂದು ಕಿಸೆಯಿಂದ ಮೊಬೈಲ್ ತೆಗೆದು, ಪಕ್ಕದ ಕ್ಲಿನಿಕ್ಕಿನ ಲೊಕೇಷನ್ ಕಳಿಸಿದರು. ಶುಕ್ರವಾರ ಸಂಜೆ ಐದಕ್ಕೆ ಕ್ಯಾಂಪಿನ ಗೇಟಿನ ಹತ್ತಿರ ಬಂದು ನಿಲ್ಲಿ, ನಾನೇ ಕರಕೊಂಡು ಹೋಗ್ತೀನಿ ಎಂದರು. ಮೂವರು ಬಂದರಂತೆ. ನಾಲ್ಕನೆಯವನಿಗೆ ಓಟಿ ಇತ್ತಂತೆ. ಅವನನ್ನು ಮುಂದಿನ ಶುಕ್ರವಾರ ಕರೆದುಕೊಂಡು ಹೋದರು.